ಕಾಬಾಳೆಯ ಗಡ್ಡೆಗೆ ವಿಶ್ರಾಂತಿ ಎಂದು?

ಶಿಕಾಗೊ ನಗರದಲ್ಲಿ ಮನೆ ಮಾಡಿಕೊಂಡಿರುವ ನನ್ನ ಹಳೆಯ ಶಿಷ್ಯನೊಬ್ಬನಿಂದ ಕಳೆದ ಅಕ್ಟೋಬರ್ ಕೊನೆಯಲ್ಲಿ ಒಂದು ಪತ್ರ ಬಂದಿತು. “ಮೇಷ್ಟ್ರೇ, ಅಂಗಳದ ಕ್ಯಾನಾ ಗಿಡಗಳು ನಿನ್ನೆಯವರೆಗೆ ಹೂಬಿಟ್ಟು ನಿಂತಿದ್ದುವು. ಒಂದೇ ರಾತ್ರಿಯ ಹಿಮಕ್ಕೆ ಎಲೆಗಳೆಲ್ಲ ಬೆಂದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿವೆ. ಕಿತ್ತೆಸೆಯಲೆ?” ಎಂದು ಕೇಳಿದ್ದನು. ಎಸೆಯಬೇಡ, ಸತ್ತಿರುವುದು ಎಲೆ ಮಾತ್ರ, ಗಿಡ ನೆಲದೊಳಗೆ ಜೀವದಿಂದಿದೆ ಎಂದು ಉತ್ತರ ಬರೆದೆನು. ಬರೆಯುವಾಗ ನನಗೆ ತುಸು ನಾಚಿಕೆಯೂ ಆಯಿತು; ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಕ್ಯಾನಾ ಎಂದರೆ ನಮ್ಮ ಕಾಬಾಳೆಯೇ. ಕಾಡುಬಾಳೆ ಎಂಬುದು ಸವೆದು ಕಾಬಾಳೆಯಾಗಿರಬೇಕೆಂದು ನನ್ನ ಊಹೆ. ಬಾಳೆ, ಶುಂಠಿ, ಅರಿಸಿನಗಳಿಗೆ ಇದು ನಂಟು. ಲಿನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ‘ಇಂಡಿಕಾ’ ಎಂದು ಹೆಸರಿಟ್ಟನಾದರೂ ಇದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಬಚ್ಚಲ ಮೋರಿಯ ಬಳಿ ತಾನಾಗಿ ಬೆಳೆಯುವ ಸಣ್ಣ ಕೆಂಪು ಹೂವಿನ ಜಾತಿಯು ಗುಂಡಿನಂಥ ಕರಿಯ ಬೀಜದಿಂದಲೂ ಹುಟ್ಟುತ್ತದೆ. ಆ ಬೀಜದ ಗಟ್ಟಿತನ ಎಷ್ಟೆಂದರೆ, ಅರ್ಜೆಂಟೀನಾದ ಒಂದು ಹಳೆಯ ಸಮಾಧಿಯಲ್ಲಿ ಸಿಕ್ಕ ಸುಮಾರು 600 ವರ್ಷದ ಕಾಬಾಳೆ ಬೀಜವೊಂದು ಮೊಳೆತ ಸಂಗತಿಯನ್ನು ವಿಜ್ಞಾನಿಗಳು ವರದಿ ಮಾಡಿದ್ದಾರೆ. ಆದರೆ ತೋಟದ ದೊಡ್ಡ ಹೂವಿನ ಮಿಶ್ರತಳಿಗಳ ಕಥೆ ಬೇರೆ. ಅವುಗಳಲ್ಲಿ ಬಹಳಷ್ಟಕ್ಕೆ ಬೀಜವೇ ಕಟ್ಟದು. ಕಟ್ಟಿದರೂ ಮರಿಯು ತಾಯಿಯನ್ನು ಹೋಲುವುದಿಲ್ಲ. ಗಡ್ಡೆ ಹೋಯಿತೆಂದರೆ ಆ ಬಣ್ಣವೇ ಮನೆಯಿಂದ ಹೋದಂತೆ.

ಆದುದರಿಂದ ನೆಲವೇ ಹೆಪ್ಪುಗಟ್ಟುವ ಸೀಮೆಯವರು ಗಡ್ಡೆಯನ್ನು ಅಗೆದು ಕಾಪಾಡಬೇಕು. ಎಲೆ ಕಪ್ಪಾದ ಕೆಲವು ದಿನಗಳೊಳಗೆ ದಂಟನ್ನು ನಾಲ್ಕಾರು ಅಂಗುಲ ಬಿಟ್ಟು ಕತ್ತರಿಸಿ, ಬುಡದಿಂದ ಒಂದಡಿ ದೂರದಲ್ಲಿ ಹಾರೆ ಹಾಕಿ ಮೀಟಿ ಎತ್ತಬೇಕು. ಗಾಯವಾದ ಗಡ್ಡೆ ಕೊಳೆಯುತ್ತದೆ. ಮಣ್ಣು ಕೊಡವಿ ನೆರಳಿನಲ್ಲಿ ಒಂದೆರಡು ದಿನ ಆರಿಸಿ, ತುಸುವೇ ತೇವವಿರುವ ಮರಳಿನಲ್ಲಿಯೋ ಮರದ ಹುಡಿಯಲ್ಲಿಯೋ ಒಂದಕ್ಕೊಂದು ತಗಲದಂತೆ ಹುಗಿದು, 7ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವ ಕತ್ತಲೆಯ ಕೋಣೆಯಲ್ಲಿ ಇರಿಸತಕ್ಕದ್ದು. ತಿಂಗಳಿಗೊಮ್ಮೆ ಮುಟ್ಟಿ ನೋಡಬೇಕು: ಸುಕ್ಕಿದ್ದರೆ ನೀರು ಚಿಮುಕಿಸುವುದು, ಮೆತ್ತಗಾದುದನ್ನು ಆಯ್ದು ಎಸೆಯುವುದು. ಮರಳಿ ನೆಡುವುದು ಹಿಮದ ಭಯ ಕಳೆದ ಮೇಲೆ.

ಈಗ ನನ್ನ ನಾಚಿಕೆಯ ಮಾತು. ನಮ್ಮ ಮನೆಯಲ್ಲಿ ತಾಯಿಯವರು ನೆಟ್ಟ, ಹಳದಿಯ ಮೇಲೆ ಕೆಂಪು ಚುಕ್ಕೆಯ ಕಾಬಾಳೆ ಇತ್ತು. ಹೊಸದಾಗಿ ತೋಟದ ಹುಚ್ಚು ಹಿಡಿದಿದ್ದ ನಾನು, ಇಂಗ್ಲೆಂಡಿನವರಿಗಾಗಿ ಬರೆದ ಪುಸ್ತಕವನ್ನು ನಂಬಿ, ಡಿಸೆಂಬರಿನಲ್ಲಿ ಬುಡವನ್ನೆಲ್ಲ ಅಗೆದು ಅಟ್ಟದ ಮೇಲೆ ಗೋಣಿಯಲ್ಲಿಟ್ಟೆನು. ಹೆಂಚಿನ ಕೆಳಗಿನ ಕಾವಿಗೆ ಯುಗಾದಿಯ ಹೊತ್ತಿಗೆ ಗಡ್ಡೆಗಳು ಒಣಶುಂಠಿಯಾಗಿದ್ದುವು. ತಾಯಿಯವರು ಏನೂ ಅನ್ನಲಿಲ್ಲ. ಆ ಬಣ್ಣದ ಹೂ ಮತ್ತೆ ನನಗೆ ದೊರೆತಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಮೆ ಉಷ್ಣತೆ 1884ರ ಜನವರಿಯಲ್ಲಿನ 7.8 ಡಿಗ್ರಿ. ಎಂದರೆ ಶೀತದೇಶದವರು ಹುಡುಕಿ ಒದಗಿಸುವ ಕೋಣೆಯ ತಂಪು ನಮ್ಮಲ್ಲಿ ಕಡುಚಳಿ! ಇಂಥಲ್ಲಿ ಚಳಿಗೆ ಹೆದರಿ ಅಗೆಯುವುದೇಕೆ?

ನಮ್ಮ ಕಾಬಾಳೆಗೆ ಹೆದರಿಕೆ ಇರುವುದು ಎರಡರಿಂದ: ಇಕ್ಕಟ್ಟು ಮತ್ತು ಬೇಸಗೆಯ ಬರ. ಎರಡು ವರ್ಷ ಮುಟ್ಟದೆ ಬಿಟ್ಟರೆ ಗಡ್ಡೆಗಳು ಒಂದರ ಮೇಲೊಂದು ಹೆಣೆದುಕೊಂಡು ಹೂ ಸಣ್ಣದಾಗುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದಾಗ ಬುಡವನ್ನು ಎತ್ತಿ, ತುಂಡಿಗೆ ಎರಡು ಮೂರು ಕಣ್ಣಿರುವಂತೆ ಕತ್ತರಿಸಿ, ಅಂದೇ ನೆಟ್ಟುಬಿಡಬೇಕು. ನಾಲ್ಕು ಅಂಗುಲ ಆಳ, ಒಂದೂವರೆ ಅಡಿ ಅಂತರ, ಬುಟ್ಟಿಗಟ್ಟಲೆ ಕೊಟ್ಟಿಗೆಗೊಬ್ಬರ. ಇದು ಹೊಟ್ಟೆಬಾಕ ಗಿಡ. ಬಿಸಿಲು ಧಾರಾಳವಾಗಿರಬೇಕು. ಹೂ ಮುಗಿದ ದಂಟನ್ನು ನೆಲಮಟ್ಟಕ್ಕೆ ಕೊಯ್ದರೆ ಪಕ್ಕದ ಮೊಳಕೆ ಬೇಗ ಏಳುತ್ತದೆ. ಎಲೆಯಲ್ಲಿ ನರದುದ್ದಕ್ಕೂ ಹಳದಿ ಗೆರೆ ಮೂಡಿದರೆ ಅದು ವೈರಸ್ ರೋಗವಿರಬಹುದು. ಔಷಧಿಯಿಲ್ಲ, ಗಡ್ಡೆಸಹಿತ ಸುಡಬೇಕು. ಅಂಥ ಗಿಡದಿಂದ ನೆಂಟರಿಗೆ ತುಂಡು ಕೊಡುವ ಔದಾರ್ಯ ಬೇಡ.

ಮಾರ್ಚ್ ಏಪ್ರಿಲ್‌ಗಳಲ್ಲಿ ಕುಡಿಯುವ ನೀರಿಗೇ ತತ್ವಾರವಾದಾಗ ಗಿಡವನ್ನು ಹಸಿರಾಗಿಯೇ ಇಡಲು ಹೆಣಗಬೇಕಾಗಿಲ್ಲ. ದಂಟುಗಳನ್ನು ಕೊಯ್ದು, ಆ ಎಲೆಗಳನ್ನೇ ಬುಡದ ಮೇಲೆ ಅರ್ಧ ಅಡಿ ದಪ್ಪ ಹೊದಿಸಿ, ವಾರಕ್ಕೊಂದು ಕೊಡ ಬಚ್ಚಲ ನೀರು ಹಾಕಿದರೆ ಗಡ್ಡೆ ಮಲಗಿಯೇ ಮಳೆ ಕಾಯುತ್ತದೆ. ಕೊಳೆನೀರನ್ನು ಗಿಡಗಳಿಂದ ತಿಳಿಗೊಳಿಸುವ ಕೃತಕ ಜೌಗುಗಳಲ್ಲಿ ಈಗ ಹಲವೆಡೆ ಇದನ್ನೇ ನೆಡುತ್ತಾರೆ. ಮೋರಿಯ ಬಳಿ ಇದಕ್ಕೆ ಜಾಗ ಕೊಟ್ಟ ನಮ್ಮ ಅಜ್ಜಿಯರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನೀರು ನಿಂತು ಸೊಳ್ಳೆಯಾಗದಂತೆ ಮಾತ್ರ ಕಾಲುವೆಗೆ ಇಳಿಜಾರು ಇರಲಿ.