ಬಯಲೂ ಒಂದು ನೋಟವೇ

ಅಮೇರಿಕೆಯ ಚಿತ್ರಗಳುಳ್ಳ ದಿನದರ್ಶಿಕೆಯೊಂದು ನಮ್ಮ ಮನೆಯ ಗೋಡೆಯ ಮೇಲಿರುವದು. ಒಂದು ತಿಂಗಳಿಗೆ ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆ, ಇನ್ನೊಂದಕ್ಕೆ ಯೊಸೆಮಿಟಿಯ ಜಲಪಾತ. ಮೊನ್ನೆ ಹಾಳೆ ತಿರುವುತ್ತಿದ್ದ ಮೊಮ್ಮಗಳು, “ಅಜ್ಜಾ, ನಮ್ಮ ಕಡೆ ಇಂಥಾದ್ದು ಏನೂ ಇಲ್ಲೇನು?” ಎಂದು ಕೇಳಿದಳು. ಹತ್ತಿಮತ್ತೂರಿನ ನಾವು ನೆಂಟರಿಗೆ ಏನಾದರೂ ತೋರಿಸಬೇಕಾದರೆ ಸವಣೂರಿನ ದೊಡ್ಡ ಹುಣಸೆಯ ಮರಗಳ ಬಳಿಗೆ ಕರೆದೊಯ್ಯುವೆವು. ಮೂಲತಃ ಆಫ್ರಿಕೆಯ ಆ ಮರಗಳ ಬೊಡ್ಡೆಯನ್ನು ಕಂಡು ಬೆರಗಾಗದವರಿಲ್ಲ. ಅಲ್ಲಿಗೆ ನಮ್ಮ ಯಾದಿ ಮುಗಿಯಿತು. ಉಳಿದದ್ದೆಲ್ಲ ಬರಿಯ ಬಯಲು.

ವಾಚಕರೇ, ಈ ‘ಬರಿಯ’ ಎಂಬ ಮಾತಿನಿಂದ ಆಗಿರುವ ಹಾನಿ ಅಲ್ಪವಲ್ಲ. ನಮ್ಮ ಜಿಲ್ಲೆಯ ರಾಣಿಬೆನ್ನೂರಿನ ಬಳಿ 119 ಚದರ ಕಿಲೋಮೀಟರು ನೆಲವನ್ನು 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವೆಂದು ಸಾರಲಾಯಿತು. ಕೃಷ್ಣಮೃಗವೆಂದರೆ ನಮ್ಮ ಚಿಗರಿಯೇ. ಅದಕ್ಕೆ ದಟ್ಟಡವಿ ಬೇಕಿಲ್ಲ. ವೈರಿಯನ್ನು ದೂರದಿಂದಲೇ ಕಂಡು, ಓಟದ ಬಲದಿಂದ ಬದುಕುವ ಪ್ರಾಣಿಯದು. ತೆರೆದ ಹುಲ್ಲುಗಾವಲೇ ಅದರ ಕೋಟೆ. ಅಲ್ಲಿಯೇ ಎರೆಭೂತವೆಂಬ ಹಕ್ಕಿಯೂ ಇದ್ದಿತು. ಸುಮಾರು ಒಂದು ಮೀಟರು ಎತ್ತರದ ಈ ಭಾರಿ ಪಕ್ಷಿ ಗೂಡು ಕಟ್ಟದೆ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ತತ್ತಿಯನ್ನಿಡುವದು.

ಆದರೆ ಮರವಿಲ್ಲದ ನೆಲವೆಂದರೆ ಹಾಳುಬಿದ್ದ ನೆಲವೆಂದು ಬಗೆದು ಆ ಬಯಲಿನ ಬಹುಭಾಗದಲ್ಲಿ ನೀಲಗಿರಿಯನ್ನು ನೆಟ್ಟರು. ಸಸಿಗಳು ಎತ್ತರವಾದಂತೆ ಬಯಲಿನ ಹಕ್ಕಿಗೆ ನೆಲೆ ತಪ್ಪಿತು. ಎರೆಭೂತವು ಈಗ ಅಲ್ಲಿಲ್ಲ. ಇಡಿಯ ದೇಶದ ಕಾಡುಮೇಡುಗಳಲ್ಲಿ ಉಳಿದಿರುವವು 150ರ ಆಸುಪಾಸು ಮಾತ್ರ. ಮರ ನೆಡುವದು ಪುಣ್ಯವೆಂದು ಬಾಲ್ಯದಿಂದ ಕೇಳಿ ಬೆಳೆದ ನನಗೆ ಇದನ್ನು ಬರೆಯುವಾಗ ಕೈ ತಡೆಯುತ್ತಿರುವದು.

ಅಮೇರಿಕೆಯವರೂ ಇದರಲ್ಲಿ ನಮಗಿಂತ ಬೇಗ ಕಣ್ತೆರೆದವರಲ್ಲ. ಯೆಲ್ಲೋಸ್ಟೋನನ್ನು ಅವರು 1872ರಲ್ಲಿಯೇ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. ಎತ್ತರದ ಹುಲ್ಲಿನ ಪ್ರೇರಿ ಬಯಲಿಗೆಂದೇ ಕಾನ್ಸಾಸ್ ಪ್ರಾಂತದಲ್ಲಿ ರಕ್ಷಿತ ಪ್ರದೇಶವಾದದ್ದು 1996ರಲ್ಲಿ. ಅಷ್ಟರಲ್ಲಿ ಆ ಬಯಲಿನ ನೂರರಲ್ಲಿ ನಾಲ್ಕು ಪಾಲೂ ಉಳಿದಿರಲಿಲ್ಲ. ಉಳಿದದ್ದಾದರೂ ಏಕೆ? ಮೇಲ್ಮಣ್ಣಿನ ಕೆಳಗೇ ಕಲ್ಲಿದ್ದುದರಿಂದ ಅಲ್ಲಿ ನೇಗಿಲು ಇಳಿಯಲಿಲ್ಲ! ಅದರ ವಿಸ್ತೀರ್ಣ 44 ಚದರ ಕಿಲೋಮೀಟರು. ನಮ್ಮ ಅಭಯಾರಣ್ಯದ ಅರ್ಧಕ್ಕಿಂತಲೂ ಕಡಿಮೆ.

ಚಿಗರಿ ಮಾತ್ರ ಇಲ್ಲಿ ಅಳಿಯಲಿಲ್ಲ. ಆದರೆ ಅದು ಗಡಿಯನ್ನರಿಯದು. ಎಳೆಯ ಗೋವಿನಜೋಳದ ಹೊಲಕ್ಕೆ ಹಿಂಡು ಇಳಿದರೆ ಒಕ್ಕಲಿಗನ ವರುಷದ ಆಸೆಗೆ ಬಾಯಿ ಹಾಕಿದಂತೆಯೇ. ನೋಡಿ ನಲಿದು ಮನೆಗೆ ಮರಳುವ ನಮ್ಮಂಥವರು ರಾತ್ರಿ ಹೊಲ ಕಾಯುವವನ ಸಿಟ್ಟನ್ನು ಹಳಿಯಲಾಗದು.

ಮುಂದಿನ ಆದಿತ್ಯವಾರ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆನು. ಬೆಳಗಿನ ತಂಪಿನಲ್ಲಿ ನೀಲಗಿರಿಯ ಸಾಲು ಮುಗಿದು ಹುಲ್ಲು ತೊಡಗುವೆಡೆ ನಿಂತೆವು. “ಪಾರ್ಕು ಎಲ್ಲದ ಅಜ್ಜಾ?” ಎಂದಳು. ಅಷ್ಟರಲ್ಲಿ ಸುರುಳಿಗೋಡಿನ ಕರಿಯ ಹೋತವೊಂದು ತಲೆಯೆತ್ತಿ ನಮ್ಮನ್ನು ನೋಡಿತು. ಅದರ ಹಿಂದೆ ಕಂದುಬಣ್ಣದ ಹೆಣ್ಣುಗಳು ಒಂದೊಂದಾಗಿ ಚಂಗನೆ ನೆಗೆದು ಬಯಲಿನಲ್ಲಿ ಹರಡಿಕೊಂಡವು. ಮರಳಿ ಬರುವವರೆಗೂ ಅವಳು ದಿನದರ್ಶಿಕೆಯ ಮಾತೆತ್ತಲಿಲ್ಲ. ಎರೆಭೂತವು ಹೇಗಿದ್ದಿತೆಂಬದನ್ನೇ ಕೇಳುತ್ತಿದ್ದಳು.