ನೀರಿನ ಕಟ್ಟಳೆಗೆ ಅಂಕೆಗಳ ಒರೆಗಲ್ಲು

ಕಟ್ಟಳೆಯೊಂದು ಹೊರಟಿತೆಂಬುದಕ್ಕೂ ಅದು ನಡೆಯಿತೆಂಬುದಕ್ಕೂ ಬಹಳ ಅಂತರವುಂಟು. ಆ ಅಂತರವನ್ನು ಅಂಕೆಗಳಿಂದ ಅಳೆಯುವ ಬಗೆಗೆ ತುಂಗಭದ್ರೆಯ ಬಲದಂಡೆಯ ಅಚ್ಚುಕಟ್ಟು ಒಳ್ಳೆಯ ನಿದರ್ಶನವಾಗಿದೆ.

ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಸೀಮೆಯು 1876-78ರ ಮಹಾಕ್ಷಾಮದಲ್ಲಿ ಬೆಂದ ನೆಲ. 1953ರಲ್ಲಿ ಸಿದ್ಧವಾದ ಅಣೆಕಟ್ಟಿನ ಮುಖ್ಯೋದ್ದೇಶಗಳಲ್ಲಿ ಅಲ್ಪ ಜಲವನ್ನು ಬಹು ಭೂಮಿಗೆ ಹಂಚಿ ಬರವನ್ನು ತಡೆಯುವುದೂ ಒಂದು. ಆದಕಾರಣ ಇಂತಹ ಸರ್ವೆ ನಂಬರಿನಲ್ಲಿ ಇಂತಹ ಋತುವಿನಲ್ಲಿ ಇಂತಹದೇ ಬೆಳೆ ಎಂದು ಸರ್ಕಾರದವರು ಗೊತ್ತುಮಾಡಿದರು. ಬಹುಪಾಲು ಭೂಮಿ ಜೋಳ, ಹತ್ತಿ ಮೊದಲಾದ ಮಿತ ನೀರಾವರಿ ಬೆಳೆಗಳಿಗೆ. ಬತ್ತ ಕಬ್ಬುಗಳಿಗೆ ಸ್ವಲ್ಪವೇ. ಆದರೆ ಕಾಲುವೆಯ ತಲೆಭಾಗದವರು ಬತ್ತವನ್ನೇ ನೆಟ್ಟರು. ಕೊನೆಯವರು ಆಕಾಶವನ್ನು ನೋಡುತ್ತ ಉಳಿದರು. ರೈತನನ್ನು ಹಳಿಯುವುದು ಸುಲಭ. ನೆರೆಯ ಗದ್ದೆಯಿಂದ ಬಸಿದ ನೀರು ಎರೆಯ ಹೊಲದಲ್ಲಿ ನಿಂತರೆ ಜೋಳ ಕೊಳೆಯುವುದು. ಆಮೇಲೆ ಅವನಿಗೂ ಬತ್ತವೇ ಗತಿ.

ಈ ಕಟ್ಟಳೆ ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ದಂಡದ ಲೆಕ್ಕದಿಂದ ತಿಳಿಯಬಹುದೆಂದು ಕೆಲವರು ಎಣಿಸುವರು. ದಂಡಗಳು ಇಳಿದುವೆಂದರೆ ಉಲ್ಲಂಘನೆ ಇಳಿಯಿತೋ, ತನಿಖೆಯೇ ನಿಂತಿತೋ ಹೇಳುವುದೆಂತು? ನೀರುಂಡ ಎಕರೆಗಳ ಮೊತ್ತವೂ ಮೋಸದ್ದೇ. ತಲೆಯ ನೂರು ಎಕರೆ ಎರಡು ಬೆಳೆ ತೆಗೆದು ಕೊನೆಯ ನೂರು ಎಕರೆ ಬೀಳುಬಿದ್ದರೂ, ಎರಡು ನೂರೂ ಒಂದೊಂದು ಬೆಳೆ ತೆಗೆದರೂ ವರ್ಷದ ಮೊತ್ತ ಒಂದೇ.

ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಇದಕ್ಕೆ ಪರಿಹಾರವನ್ನು ಹೇಳಿಕೊಡಬೇಕಾದುದಿಲ್ಲ. ಒಂದು ಪ್ರತಿಯ ದೋಷ ಇನ್ನೊಂದರಿಂದ ಬಯಲಾಗುವಂತೆ, ಆದೇಶದ ಪಟ್ಟಿ, ಪಹಣಿ, ಉಪಗ್ರಹದ ಚಿತ್ರ, ಈ ಮೂರನ್ನೂ ಸರ್ವೆ ನಂಬರಿನಂತೆ ಎದುರೆದುರು ಇಟ್ಟು ನೋಡತಕ್ಕದ್ದು. ನಾಟಿಯ ಕಾಲದಲ್ಲಿ ನೀರು ನಿಂತ ಗದ್ದೆ ಮೇಲಿನಿಂದ ಬೇರೆಯಾಗಿಯೇ ಕಾಣುವುದು. ಭದ್ರಾ ಅಚ್ಚುಕಟ್ಟಿನಲ್ಲಿ ಉಪಗ್ರಹ ಚಿತ್ರಗಳಿಂದ ನಡೆದ ಪರಿಶೀಲನೆಯೊಂದು 1997ರಲ್ಲಿ ಪ್ರಕಟವಾಗಿದೆ. ಆದರೆ ಕಂಡ ಬತ್ತವೆಲ್ಲ ಅಪರಾಧವಲ್ಲ. ಸಿರುಗುಪ್ಪದ ಕಡೆ ವಿಜಯನಗರ ಕಾಲದ ಕಾಲುವೆಗಳುಂಟು. ಅವುಗಳ ಕೆಳಗಿನ ಗದ್ದೆಯನ್ನು ಈ ಕಟ್ಟಳೆಯಿಂದ ಅಳೆಯುವುದು ಅನ್ಯಾಯ.

ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮವಾದುದು. ಮಳೆ ಚೆನ್ನಾದ ವರ್ಷ ಕೊನೆಯ ಹೊಲಕ್ಕೂ ನೀರು ಮುಟ್ಟಿದರೆ ಆ ಪುಣ್ಯ ಕಟ್ಟಳೆಯದಲ್ಲ, ಮೋಡದ್ದು. ಇದಕ್ಕೆ ಪ್ರತಿಯಾಗಿ, ಆದಿಯಲ್ಲಿ 133 ಶತಕೋಟಿ ಘನ ಅಡಿಯಿದ್ದ ಜಲಾಶಯದ ಧಾರಣಶಕ್ತಿ ಹೂಳಿನಿಂದ ಕುಗ್ಗಿ, 2016ರ ಮೋಜಣಿಯಲ್ಲಿ ಸುಮಾರು 105ಕ್ಕೆ ಇಳಿದಿತ್ತು. ಆ ಕೊರತೆಯನ್ನು ಕಟ್ಟಳೆಯ ತಲೆಗೆ ಕಟ್ಟುವುದೂ ತಪ್ಪು. ಆದುದರಿಂದ ಸಮಾನ ಒಳಹರಿವಿನ ವರ್ಷಗಳನ್ನೇ ಆರಿಸಿ, ಒಂದೇ ಉಪಕಾಲುವೆಯ ಮೊದಲ ತೂಬಿಗೂ ಕಡೆಯ ತೂಬಿಗೂ ಎಕರೆಗೆ ಎಷ್ಟು ನೀರು ಸಂದಿತೆಂದು ಹೋಲಿಸಬೇಕು. ಇದಕ್ಕೆ ಬೇಕಾದುದು ಕಡೆಯ ತೂಬಿನ ದೈನಂದಿನ ಅಳತೆ. ಕಾಲುವೆಯ ತಲೆಯಲ್ಲಿ ಬಿಟ್ಟ ನೀರಿನ ಲೆಕ್ಕವೆಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಈ ಅಳತೆಯ ಸ್ಥಾನದಲ್ಲಿ ನಿಲ್ಲಲಾರದು.