ಎಣ್ಣೇಮರ ಮತ್ತು ನಮ್ಮ ಹೊಂಗೆ ಮರ

ಕಳೆದ ಅಕ್ಟೋಬರ್ ತಿಂಗಳಲ್ಲಿ ನನ್ನ ಮೊಮ್ಮಗ ಜಗಲಿಯ ಮೇಲೆ ಕೂತು ವಿಶ್ವಸಂಸ್ಥೆಯ ಧ್ವಜ ಬರೆಯುತ್ತಿದ್ದ. ಭೂಪಟ ಬರೆದು, ಅದರ ಎರಡೂ ಪಕ್ಕ ಎಲೆಗಳನ್ನು ಬರೆಯುವಾಗ ಕೇಳಿದ: "ತಾತ, ಇದು ಯಾವ ಸೊಪ್ಪು? ನಮ್ಮ ಹೊಂಗೆ ಸೊಪ್ಪಾ?"

"ಅಲ್ಲ ಕಣೋ, ಅದು ಆಲಿವ್ ರೆಂಬೆ" ಎಂದು ನಕ್ಕೆ.

"ಅಷ್ಟೊಂದು ಮರಗಳಿರುವಾಗ ಅದನ್ನೇ ಯಾಕೆ ಹಾಕಿದ್ದಾರೆ?"

ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಕ್ಕ ಬರೆದ ನನಗೆ ಇದಕ್ಕೆ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಪುಸ್ತಕ ಹುಡುಕಿ ಓದಿದೆ. ಓದುತ್ತಾ ಹೋದಂತೆ ಅವನ ಮೊದಲ ಪ್ರಶ್ನೆಯೂ ನಗುವಂಥದ್ದಲ್ಲ ಅನ್ನಿಸಿತು. ಮಕ್ಕಳೇ, ಅದನ್ನೇ ನಿಮಗೆ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಜೊತೆಗೆ ಕೂತು ಕೇಳಲಿ.

ಮಲ್ಲಿಗೆಯ ನೆಂಟ

ಆಲಿವ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳ ಮರ. ಆದರೂ ಅದು ನಮಗೆ ತೀರಾ ಹೊರಗಿನದಲ್ಲ. ನಮ್ಮ ಮಲ್ಲಿಗೆ, ಪಾರಿಜಾತಗಳು ಸೇರಿದ ಸಸ್ಯ ಕುಟುಂಬಕ್ಕೇ ಅದೂ ಸೇರಿದೆ. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬೆಳ್ಳಿ ಬಣ್ಣ. ಕಲ್ಲು ನೆಲ, ಕಡಿಮೆ ಮಳೆ ಇದ್ದರೂ ಬದುಕುತ್ತದೆ. ವರ್ಷವಿಡೀ ಹಸಿರಾಗಿರುತ್ತದೆ. ಮುದಿಯಾಗಿ ಕಾಂಡ ಟೊಳ್ಳಾದರೂ ಬುಡದಿಂದ ಹೊಸ ಚಿಗುರು ಬರುತ್ತದೆ. ಜೆರುಸಲೇಮಿನ ಗೆತ್ಸೆಮನೆ ತೋಟದ ಕೆಲವು ಮರಗಳ ಕಾಂಡಕ್ಕೆ ಸುಮಾರು 900 ವರ್ಷ ವಯಸ್ಸೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಗೆತ್ಸೆಮನೆ ಎಂದರೆ ಎಣ್ಣೆಯ ಗಾಣ ಎಂದೇ ಅರ್ಥ. ಕನ್ನಡ ಬೈಬಲ್ ಕೂಡ ಆಲಿವ್ ಮರವನ್ನು 'ಎಣ್ಣೇಮರ' ಎಂದು ಕರೆಯುತ್ತದೆ.

ಪಾರಿವಾಳ ತಂದ ಎಲೆ

ಯೆಹೂದಿಗಳ ಧರ್ಮಗ್ರಂಥದಲ್ಲಿ ನೋಹನ ಕಥೆ ಬರುತ್ತದೆ. ಮಹಾಪ್ರಳಯದಲ್ಲಿ ಅವನು ಪ್ರಾಣಿ ಪಕ್ಷಿಗಳ ಜೊತೆ ನಾವೆಯಲ್ಲಿದ್ದ. ನೀರು ಇಳಿಯಿತೇ ಎಂದು ತಿಳಿಯಲು ಒಂದು ಪಾರಿವಾಳವನ್ನು ಬಿಟ್ಟ. ಅದು ಸಂಜೆ ಮರಳಿ ಬಂದಾಗ ಕೊಕ್ಕಿನಲ್ಲಿ ಆಲಿವ್ ಎಲೆ ಇತ್ತು! ನೆಲ ಕಾಣಿಸಿತು, ಕೋಪ ಮುಗಿಯಿತು ಎಂದು ಅದರ ಅರ್ಥ. ಹಳೆಯ ಗ್ರೀಕರಿಗೂ ಈ ರೆಂಬೆ ಶಾಂತಿಯ ಗುರುತಾಗಿತ್ತು. 1947ರಲ್ಲಿ ವಿಶ್ವಸಂಸ್ಥೆ ತನ್ನ ಧ್ವಜದಲ್ಲಿ ಇದನ್ನೇ ಇಟ್ಟುಕೊಂಡಿತು.

ಆಲಿವ್ ಹಸಿಯಾಗಿ ತಿಂದರೆ ಬಲು ಕಹಿ. ಹಾಗಿದ್ದ ಮೇಲೆ ಪಾರಿವಾಳ ಅದನ್ನೇ ಯಾಕೆ ತಂದಿತು? ಯೆಹೂದಿ ಪಂಡಿತರು ಒಂದು ಚಂದದ ಉತ್ತರ ಹೇಳಿದ್ದಾರೆ. ಮನುಷ್ಯನ ಹಂಗಿನಲ್ಲಿ ಸಿಗುವ ಸಿಹಿಗಿಂತ ದೇವರ ಕೈಯಿಂದ ಬರುವ ಕಹಿಯೇ ಮೇಲು ಎಂದು ಆ ಹಕ್ಕಿ ತಿಳಿಸಿತಂತೆ.

ದೀಪಕ್ಕೆ ಮೊದಲ ಎಣ್ಣೆ

ಜೆರುಸಲೇಮಿನ ದೇವಾಲಯದಲ್ಲಿ ಏಳು ಕವಲಿನ ಚಿನ್ನದ ದೀಪಸ್ತಂಭ ಇತ್ತು. ಅದರ ಹೆಸರು ಮೆನೋರಾ. ಅದಕ್ಕೆ ಆಲಿವ್ ಎಣ್ಣೆಯೇ ಆಗಬೇಕು. ಅದರಲ್ಲೂ ಕಾಯಿ ಜಜ್ಜಿದಾಗ ಮೊದಲು ಇಳಿಯುವ ತಿಳಿ ಎಣ್ಣೆ. ಒಳ್ಳೆಯದು ದೀಪಕ್ಕೆ, ಆಮೇಲಿನದು ಉಳಿದ ಕೆಲಸಕ್ಕೆ. ಕ್ರಿಸ್ತಪೂರ್ವ 164ರ ಸುಮಾರಿಗೆ ಪರಕೀಯ ಅರಸನಿಂದ ದೇವಾಲಯವನ್ನು ಬಿಡಿಸಿಕೊಂಡಾಗ ಒಂದು ದಿನಕ್ಕಾಗುವಷ್ಟು ಶುದ್ಧ ಎಣ್ಣೆ ಮಾತ್ರ ಸಿಕ್ಕಿತಂತೆ. ಅದು ಎಂಟು ದಿನ ಉರಿಯಿತು ಎಂಬ ನಂಬಿಕೆಯಿಂದ ಇಂದಿಗೂ ಹನುಕ್ಕಾ ಹಬ್ಬದಲ್ಲಿ ಎಂಟು ದಿನ ದೀಪ ಹಚ್ಚುತ್ತಾರೆ. 1949ರಲ್ಲಿ ಇಸ್ರೇಲ್ ದೇಶ ಒಪ್ಪಿದ ಲಾಂಛನದಲ್ಲೂ ನಡುವೆ ಮೆನೋರಾ, ಎರಡು ಕಡೆ ಆಲಿವ್ ರೆಂಬೆ.

ಆಲಿವ್ ಅರೆದರೆ ಮಾತ್ರ ಎಣ್ಣೆ ಕೊಡುತ್ತದೆ, ಮನುಷ್ಯನ ಒಳ್ಳೆಯತನವೂ ಕಷ್ಟದಲ್ಲೇ ಹೊರಬರುತ್ತದೆ ಎಂದೂ ಅವರ ಪಂಡಿತರು ಹೇಳುತ್ತಾರೆ. ಆದರೆ ನನ್ನ ಮನಸ್ಸು ಹಿಡಿದದ್ದು ಮೋಶೆಯ ಧರ್ಮಶಾಸ್ತ್ರದ ಎರಡು ಮಾತು. ಒಂದು, ಯುದ್ಧ ಕಾಲದಲ್ಲೂ ಶತ್ರುವಿನ ಊರಿನ ಹಣ್ಣಿನ ಮರ ಕಡಿಯಬಾರದು. ಇನ್ನೊಂದು, ಆಲಿವ್ ಕಾಯಿ ಬಡಿದ ಮೇಲೆ ಕೊಂಬೆಯಲ್ಲಿ ಉಳಿದದ್ದಕ್ಕೆ ಮತ್ತೆ ಕೈ ಹಾಕಬಾರದು. ಅದು ಪರದೇಶಿಗೆ, ತಂದೆ ಇಲ್ಲದ ಮಕ್ಕಳಿಗೆ, ವಿಧವೆಗೆ ಸೇರಿದ್ದು.

ನಮ್ಮ ದೇಶಕ್ಕೂ ಯೆಹೂದಿಗಳು ಬಂದು ನೆಲೆಸಿದರು. ಕೊಂಕಣ ತೀರದ ಬೆನೆ ಇಸ್ರೇಲ್ ಜನ ಆಲಿವ್ ಬೆಳೆಯದ ನಾಡಿನಲ್ಲೂ ಗಾಣ ತಿರುಗಿಸಿ ಬದುಕಿದರು. ಶನಿವಾರ ಅವರಿಗೆ ದೇವರ ದಿನ, ಗಾಣಕ್ಕೆ ರಜೆ. ಅದಕ್ಕೇ ಊರವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎಂದು ಕರೆದರು.

ನಮ್ಮ ಬದುವಿನ ಎಣ್ಣೇಮರ

ಈಗ ನಮ್ಮ ವೇಮಗಲ್ಲಿಗೆ ಬರೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಬಂತು. ಆದರೆ ಜಿಲ್ಲೆಯ ಹಳ್ಳಿ ಮನೆಗಳಿಗೆ ಅದು ಬರಲು ಇನ್ನೂ ಎಷ್ಟೋ ದಶಕ ಬೇಕಾಯಿತು. ಅಲ್ಲಿಯವರೆಗೆ ಹಣತೆಗೆ ಹೊಂಗೆ ಎಣ್ಣೆ, ಹರಳೆಣ್ಣೆ. ದೇವರ ದೀಪಕ್ಕೆ ಇಪ್ಪೆ ಎಣ್ಣೆಯೂ ಇತ್ತು. ಮನೆಯಲ್ಲಿ ತೆಲುಗು ಆಡುವ ನಮ್ಮ ಕಡೆಯ ಅಜ್ಜಿಯರು ಹೊಂಗೆಯನ್ನು 'ಕಾನುಗ' ಎನ್ನುತ್ತಿದ್ದರು. ಇದೂ ಕಹಿ, ಇದೂ ಒಣನೆಲದ ಮರ. ಸೊಪ್ಪು ಗದ್ದೆಗೆ ಗೊಬ್ಬರ, ಹಿಂಡಿ ಹೊಲಕ್ಕೆ ಗೊಬ್ಬರ. ಬೇರು ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುತ್ತದೆ. ಯುಗಾದಿಯ ಬಿಸಿಲಿಗೆ ಹೊಸ ಎಲೆ ತೊಟ್ಟು ನೆರಳು ಕೊಡುವ ಮರವೂ ಇದೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ, ನಮ್ಮ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಲಕ್ಕೆ ನೀರು ಎತ್ತಿಸಿದ್ದರು.

ನಮ್ಮ ಮನೆ ಮುಂದೆ ನಮ್ಮ ತಾತ ನೆಟ್ಟ ಎರಡು ಹೊಂಗೆ ಮರಗಳಿದ್ದವು. ಬಿದ್ದ ಕಾಯಿ ಆರಿಸಿಕೊಂಡವರದು ಎಂಬುದು ನಮ್ಮ ಬೀದಿಯ ವಾಡಿಕೆ. ಬಡತನದ ಒಬ್ಬ ಮುದುಕಿ ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಮಂಕರಿ ತಂದು ಕಾಯಿ ಆರಿಸಿ, ಬೀಜ ಬಿಡಿಸಿ ಅಂಗಡಿಗೆ ಮಾರುತ್ತಿದ್ದಳು. ನಾನು ನಿವೃತ್ತನಾಗಿ ಮನೆ ದೊಡ್ಡದು ಮಾಡಿಸುವಾಗ, ಗೇಟಿಗೆ ಅಡ್ಡ ಎಂದು ಒಂದು ಮರ ಕಡಿಸಿಬಿಟ್ಟೆ. ಗೇಟನ್ನು ನಾಲ್ಕು ಅಡಿ ಪಕ್ಕಕ್ಕೆ ಇಟ್ಟಿದ್ದರೆ ಸಾಕಿತ್ತು. ಮುಂದಿನ ವರ್ಷ ಅವಳು ಬಂದಳು. ಮೋಟನ್ನು ನೋಡುತ್ತಾ ನಿಂತಳು. ಬಳಿಕ ಉಳಿದ ಮರದಡಿ ಅರ್ಧ ಮಂಕರಿ ತುಂಬಿಕೊಂಡು ಹೋದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆ ಮರ ನನ್ನದೆಂದುಕೊಂಡಿದ್ದೆ. ಅದರಲ್ಲಿ ಅವಳ ಪಾಲೂ ಇತ್ತೆಂದು ಆಲಿವ್ ಕಾಯಿಯ ಆ ನಿಯಮ ಓದಿದಾಗ ತಿಳಿಯಿತು. ಈಗ ಅವಳಿಲ್ಲ.

ಯೆಹೂದಿಗಳಲ್ಲಿ ಇನ್ನೊಂದು ಕಥೆಯಿದೆ. ಕ್ಯಾರೋಬ್ ಎಂಬ ಮರದ ಸಸಿ ನೆಡುತ್ತಿದ್ದವನನ್ನು ಒಬ್ಬ ಕೇಳಿದ: ಇದು ಫಲ ಕೊಡುವುದು ಯಾವಾಗ? ಎಪ್ಪತ್ತು ವರ್ಷಕ್ಕೆ ಎಂದ ಅವನು. ಅಷ್ಟು ದಿನ ಇರುತ್ತೀಯಾ ಎಂದರೆ, ನಾನು ಹುಟ್ಟುವ ಮೊದಲೇ ನನಗಾಗಿ ಹಿರಿಯರು ನೆಟ್ಟಿದ್ದರು, ನಾನು ಮಕ್ಕಳಿಗಾಗಿ ನೆಡುತ್ತೇನೆ ಎಂದನಂತೆ. ಚಳಿಗಾಲ ಕಳೆಯುವ ಹೊತ್ತಿನ ಒಂದು ಹುಣ್ಣಿಮೆಯನ್ನು ಅವರು ಮರಗಳ ಹೊಸ ವರ್ಷವೆಂದು ಆಚರಿಸಿ ಸಸಿ ನೆಡುತ್ತಾರೆ.

ನಾವೂ ನೆಟ್ಟೆವು

ಹೊಂಗೆ ಅಷ್ಟು ಕಾಯಿಸುವುದಿಲ್ಲ, ಐದಾರು ವರ್ಷಕ್ಕೆ ಕಾಯಿ ಬಿಡತೊಡಗುತ್ತದೆ. ಮಕ್ಕಳೇ, ಈ ವರ್ಷ ಒಣಗಿದ ಹೊಂಗೆ ಕಾಯಿ ಆರಿಸಿ. ಸಿಪ್ಪೆ ಬಿಡಿಸಿ, ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಣ್ಣು ಗೊಬ್ಬರ ತುಂಬಿದ ಕವರಿನಲ್ಲಿ ಒಂದು ಅಂಗುಲ ಆಳಕ್ಕೆ ಊರಿ. ಎರಡು ವಾರದಲ್ಲಿ ಮೊಳಕೆ ಕಾಣುತ್ತದೆ. ಮಳೆಗಾಲದಲ್ಲಿ ನೆಲಕ್ಕೆ ಇಳಿಸಿ. ಆದರೆ ಬಿದ್ದಿರುವ ಎಲ್ಲ ಕಾಯಿಯನ್ನೂ ನೀವೇ ಆರಿಸಬೇಡಿ, ಬೇರೆಯವರಿಗೂ ಬಿಡಿ.

ನಾನೂ ಮೊಮ್ಮಗನೂ ಐದು ಬೀಜ ಊರಿದ್ದೆವು, ಮೂರು ಹುಟ್ಟಿದವು. ಒಂದನ್ನು ಹಳೆಯ ಮೋಟಿನ ಪಕ್ಕದಲ್ಲಿ, ಬೀದಿಯವರ ಕೈಗೆ ಸಿಗುವಂತೆ ಬೇಲಿಯ ಹೊರಗೇ ನೆಟ್ಟಿದ್ದೇವೆ. ಕಾಯಿ ಬಿಟ್ಟ ವರ್ಷ ಎಣ್ಣೆ ಮಾಡಿಸಿ, ಕಾರ್ತಿಕ ಸೋಮವಾರ ಸೀತಿ ಬೆಟ್ಟದ ಭೈರವೇಶ್ವರನಿಗೆ ದೀಪ ಹಚ್ಚುವುದು ಎಂದು ಮೊಮ್ಮಗ ಈಗಲೇ ಹೇಳಿಟ್ಟಿದ್ದಾನೆ. ನೀರು ಹಾಕುವ ಕೆಲಸ ಅವನದು.